ದಿಣ್ಣೆಯ ಲೆಕ್ಕ: ಮಲೆನಾಡಿನಲ್ಲೊಂದು ಸೈಕಲ್ ಪ್ರವಾಸ

ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಆಗುಂಬೆ ಸುಮಾರು 640, ಶೃಂಗೇರಿ 670, ಕೊಪ್ಪ 760 ಮೀಟರ್. ಈ ನಾಲ್ಕು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡು, ನಾಲ್ಕೂ ಊರುಗಳನ್ನು ಸುತ್ತಿ ಬರುವ ಹೆಚ್ಚುಕಡಿಮೆ 120 ಕಿಲೋಮೀಟರಿನ ದಾರಿಯಲ್ಲಿ ತಾನು ಏರಬೇಕಾದುದು ಇನ್ನೂರು ಮೀಟರಿಗೂ ಕಡಿಮೆಯೆಂದು ತೀರ್ಮಾನಿಸಿ, ಬಯಲುಸೀಮೆಯ ವೇಗದಲ್ಲಿಯೇ ಪೆಡಲು ತುಳಿಯಲಾರಂಭಿಸುವ ಸವಾರನು, ತನ್ನ ಗಣಿತದಲ್ಲಿನ ದೋಷವನ್ನು ಮೊದಲನೆಯ ಗಂಟೆ ಮುಗಿಯುವುದರೊಳಗಾಗಿ ತನ್ನ ತೊಡೆಗಳಲ್ಲಿಯೇ ಕಂಡುಕೊಳ್ಳುತ್ತಾನೆ. ಊರುಗಳು ಬಹುಮಟ್ಟಿಗೆ ಒಂದೇ ಎತ್ತರದಲ್ಲಿರುವುದು ನಿಜ. ಅವುಗಳ ನಡುವಣ ದಾರಿ ಮಾತ್ರ ಹಾಗಿಲ್ಲ. ಎರಡು ಗುಡ್ಡಗಳ ನಡುವೆ ಒಂದು ಹಳ್ಳ, ಹಳ್ಳದ ಮೇಲೊಂದು ಮೋರಿ, ಮೋರಿಯ ಆಚೆಗೆ ಒಂದು ಏರು, ಏರಿನ ನೆತ್ತಿಯಲ್ಲಿ ಕಾಡು, ಕಾಡು ಮುಗಿದೊಡನೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಗದ್ದೆಯೂ ಅಡಕೆ ತೋಟವೂ, ಅವುಗಳನ್ನು ದಾಟಿದರೆ ಮತ್ತೊಂದು ಮೋರಿ. ಮಲೆನಾಡಿನ ರಸ್ತೆಯ ವ್ಯಾಕರಣವೆಲ್ಲ ಇಷ್ಟೆ. ಇದನ್ನರಿತವನಿಗೆ ಆ ದಾರಿಯಷ್ಟು ಸುಖಕರವಾದುದು ನಮ್ಮ ನಾಡಿನಲ್ಲಿ ಬೇರೊಂದಿಲ್ಲವೆಂದು ನನ್ನ ನಂಬಿಕೆ.

ಆದುದರಿಂದ ಈ ಲೇಖನದಲ್ಲಿ ನಾನು ಮೊದಲು ಹೇಳಬೇಕೆಂದಿರುವುದು ದಾರಿಯ ಸೌಂದರ್ಯವನ್ನಲ್ಲ, ದಿಣ್ಣೆಯ ಲೆಕ್ಕವನ್ನು. ಏರಿನಲ್ಲಿ ಕಳೆದುಕೊಂಡುದನ್ನು ಇಳಿತದಲ್ಲಿ ತುಂಬಿಕೊಳ್ಳಬಹುದೆಂಬ ಭ್ರಾಂತಿ ಸೈಕಲ್ ಸವಾರರಲ್ಲಿ ಸಾರ್ವತ್ರಿಕವಾದುದು. ಹತ್ತು ಕಿಲೋಮೀಟರ್ ಏರನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಿ, ಅಷ್ಟೇ ಉದ್ದದ ಇಳಿಜಾರನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿದೆವೆನ್ನಿ. ಸರಾಸರಿ ಎಷ್ಟಾಯಿತೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಇಪ್ಪತ್ತು ಎನ್ನುತ್ತಾರೆ. ಏರಿಗೆ ಹಿಡಿದುದು 60 ನಿಮಿಷ, ಇಳಿತಕ್ಕೆ 20. ಒಟ್ಟು 80 ನಿಮಿಷದಲ್ಲಿ 20 ಕಿಲೋಮೀಟರ್ ಎಂದರೆ ಗಂಟೆಗೆ 15 ಮಾತ್ರ. ಕಾಲದ ವಿಷಯದಲ್ಲಿ ಹೇಗೋ ಶಕ್ತಿಯ ವಿಷಯದಲ್ಲಿಯೂ ಹಾಗೆಯೇ: ಒಂದು ದಿಣ್ಣೆಯನ್ನು ಆವೇಶದಿಂದ ಹತ್ತಿದ ಸ್ನಾಯುಗಳು ಅದರಾಚೆಯ ಎರಡು ನಿಮಿಷದ ಇಳಿತದಲ್ಲಿ ಚೇತರಿಸಿಕೊಳ್ಳುವುದಿಲ್ಲ, ಅಷ್ಟರಲ್ಲಿ ಮುಂದಿನ ಮೋರಿ ಬಂದಿರುತ್ತದೆ. ಏರುತ್ತಿರುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಆಡಲು ಉಸಿರು ಉಳಿದಿರಬೇಕು. ಉಳಿಯದಿದ್ದರೆ ನಿಮ್ಮ ವೇಗ ಹೆಚ್ಚಾಯಿತೆಂದೇ ಅರ್ಥ. ಜೊತೆಗಾರರಿಲ್ಲದೆ ಒಬ್ಬರೇ ಹೊರಟಿದ್ದರೆ ಯಾವುದಾದರೂ ಪದವನ್ನು ಗುನುಗಿಕೊಳ್ಳಿ. ಕಾಡಿನಲ್ಲಿ ಶ್ರುತಿ ತಪ್ಪಿದುದನ್ನು ಕೇಳಲು ಯಾರೂ ಇರುವುದಿಲ್ಲ. ದಿನದ ಕಾರ್ಯಕ್ರಮವನ್ನು ಹಾಕಿಕೊಳ್ಳುವಾಗ, ನಿಲುಗಡೆಗಳನ್ನೂ ಸೇರಿಸಿ ಗಂಟೆಗೆ 12 ಕಿಲೋಮೀಟರಿಗಿಂತ ಹೆಚ್ಚಾಗಿ ಎಣಿಸದಿರುವುದು ವಿವೇಕ.

ಇನ್ನು ವಾಹನದ ಮಾತು. ಗೇರಿಲ್ಲದ ನಮ್ಮ ಹಳೆಯ ಕಪ್ಪು ಸೈಕಲಿನಲ್ಲಿ ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸೈಕಲು ಐದು ಮೀಟರಿಗೂ ಮಿಗಿಲಾಗಿ ಮುಂದೆ ಹೋಗುತ್ತದೆ. ಸಮತಲದಲ್ಲಿ ಇದು ಹಿತವೇ. ಆದರೆ ನೂರು ಮೀಟರಿಗೆ ಆರೇಳು ಮೀಟರ್ ಮೇಲೇರುವ ರಸ್ತೆಯಲ್ಲಿ ಅದೇ ಐದು ಮೀಟರು ಮೊಣಕಾಲಿಗೆ ಶಿಕ್ಷೆಯಾಗುತ್ತದೆ. ಮುಂದೆ 34, ಹಿಂದೆ 32 ಹಲ್ಲುಗಳ ಜೋಡಿಯಿರುವ ಗೇರಿನ ಸೈಕಲಿನಲ್ಲಿ ಪೆಡಲಿನ ಒಂದು ಸುತ್ತಿಗೆ ದೊರೆಯುವ ಮುನ್ನಡೆ ಸುಮಾರು ಎರಡೂಕಾಲು ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಎಂಟು ಕಿಲೋಮೀಟರ್. ಅಂಗಡಿಯಲ್ಲಿ ಸೈಕಲ್ ಕೊಳ್ಳುವಾಗ ಒಟ್ಟು ಗೇರುಗಳೆಷ್ಟೆಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದುದು ಅತಿ ಹಗುರದ ಗೇರು ಯಾವುದೆಂಬುದನ್ನು. ಮುಂದಿನ ಅತಿ ಚಿಕ್ಕ ಚಕ್ರಕ್ಕೂ ಹಿಂದಿನ ಅತಿ ದೊಡ್ಡ ಚಕ್ರಕ್ಕೂ ಹಲ್ಲುಗಳು ಸಮಸಮವಾಗಿದ್ದರೆ ಮಲೆನಾಡಿಗೆ ಸಾಕು. ಮುಂದೆ ದಿಣ್ಣೆ ಕಂಡೊಡನೆ, ಕಾಲಿನ ಮೇಲೆ ಭಾರ ಬೀಳುವುದಕ್ಕೆ ಮೊದಲೇ, ಗೇರನ್ನು ಇಳಿಸಿಕೊಳ್ಳತಕ್ಕದ್ದು. ಅರ್ಧ ಏರಿನಲ್ಲಿ ಭಾರ ತುಳಿಯುತ್ತ ಗೇರು ಬದಲಿಸಿದರೆ ಚೈನು ಕಳಚುವುದು, ಕೆಲವೊಮ್ಮೆ ತುಂಡಾಗುವುದು ಕೂಡ ಉಂಟು.

ಗೇರನ್ನು ದುರ್ಬಲರ ಊರುಗೋಲೆಂದು ಹೀಯಾಳಿಸುವವರು ಎಲ್ಲ ಕಾಲದಲ್ಲಿಯೂ ಇದ್ದರು. ಫ್ರಾನ್ಸಿನ ಸೇಂತೆತಿಯನ್ ಎಂಬ ಊರಿನಲ್ಲಿ ಪೋಲ್ ದ ವೀವಿ ಎಂಬ ಮಹನೀಯನೊಬ್ಬನಿದ್ದನು. ವೆಲೋಸಿಯೋ ಎಂಬ ಹೆಸರಿನಿಂದ ಬರೆಯುತ್ತ, ಸೈಕಲ್ ಪ್ರವಾಸಕ್ಕೆಂದೇ ಒಂದು ಪತ್ರಿಕೆಯನ್ನು ನಡೆಸುತ್ತ, ಬೆಟ್ಟದ ದಾರಿಗೆ ಹಲವು ಗೇರುಗಳು ಅವಶ್ಯವೆಂದು ಜೀವಮಾನವೆಲ್ಲ ವಾದಿಸಿ 1930ರಲ್ಲಿ ತೀರಿಕೊಂಡನು. ಪ್ರಸಿದ್ಧವಾದ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಚೈನನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಗೆ ಹಾಯಿಸುವ ಗೇರಿಗೆ ಅನುಮತಿ ದೊರೆತುದು 1937ರಲ್ಲಿ. ಜಗತ್ತಿನ ಬಲಿಷ್ಠ ಸವಾರರೇ ಅಷ್ಟು ಕಾಲ ವೃಥಾ ಹೆಣಗಿದ ಮೇಲೆ, ನಮ್ಮ ನಿಮ್ಮಂಥವರು ಮಾನಕ್ಕಂಜಿ ಭಾರದ ಗೇರಿನಲ್ಲಿ ಹಲ್ಲು ಕಚ್ಚುವ ಅಗತ್ಯವೇನೂ ಇಲ್ಲ. ಗೇರಿಲ್ಲದ ಸೈಕಲಿನವರು ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗಲಿ. ನಡಿಗೆಯಲ್ಲಿ ಮರಗಳ ಪರಿಚಯವಾದರೂ ಆಗುತ್ತದೆ.

ಟಯರು ತೀರ ಸಪುರವಾಗಿರಬಾರದು. 32 ಮಿಲಿಮೀಟರ್ ಅಗಲದ ಟಯರಿಗೆ, ಎಪ್ಪತ್ತು ಕಿಲೋ ತೂಕದ ಸವಾರನಾದರೆ, 55ರಿಂದ 60 ಪೌಂಡು ಗಾಳಿ ಸಾಕು. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಐದು ಪೌಂಡು ಕಡಿಮೆಯಿರಲಿ. ಗಾಳಿ ಕಲ್ಲಿನಂತೆ ಗಟ್ಟಿಯಾಗಿದ್ದಷ್ಟೂ ಓಟ ಹೆಚ್ಚೆಂಬುದು ನುಣುಪು ರಸ್ತೆಯ ಸತ್ಯ. ತೇಪೆ ಹಾಕಿದ ರಸ್ತೆಯಲ್ಲಿ ಅದು ಸವಾರನನ್ನೂ ಸೈಕಲನ್ನೂ ಸಮವಾಗಿ ಕುಟ್ಟುತ್ತದೆ. ಹಳ್ಳಿಯ ಸೈಕಲ್ ಅಂಗಡಿಯವನು ಪಂಚರು ಹಾಕುವುದರಲ್ಲಿ ನಿಸ್ಸೀಮನೇ ಇರಬಹುದು, ಆದರೆ ಹೊಸ ಬಗೆಯ ಸೈಕಲುಗಳ ಸಪುರ ವಾಲ್ವಿನ ಟ್ಯೂಬು ಅವನಲ್ಲಿ ಸಿಕ್ಕುವುದು ಅಪರೂಪ. ಆದ್ದರಿಂದ ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್, ಉಪ್ಪುಕಾಗದ, ಟಯರ್ ಬಿಚ್ಚುವ ಪಟ್ಟಿಗಳು, ಕೈಪಂಪು ಇವಿಷ್ಟನ್ನು ಜೊತೆಯಲ್ಲಿಯೇ ಒಯ್ಯಬೇಕು. ಮಳೆಯಲ್ಲಿ ಪ್ಯಾಚು ಅಂಟುವುದಿಲ್ಲ. ಟ್ಯೂಬನ್ನೇ ಬದಲಿಸಿ, ತೇಪೆಯ ಕೆಲಸವನ್ನು ರಾತ್ರಿ ತಂಗುವ ಕೋಣೆಗೆ ಉಳಿಸಿಕೊಳ್ಳಿ. ಹೊಸ ಟ್ಯೂಬನ್ನು ಏರಿಸುವ ಮುನ್ನ ಟಯರಿನ ಒಳಮೈಯನ್ನು ಬಟ್ಟೆಯಿಂದ ಒಮ್ಮೆ ಸವರಬೇಕೆಂಬುದನ್ನು ಎಷ್ಟು ಸಲ ಹೇಳಿದರೂ ಕಡಮೆಯೇ. ಬಿದಿರುಮುಳ್ಳು ಅಲ್ಲಿಯೇ ಕುಳಿತಿದ್ದು ಎರಡನೆಯ ಟ್ಯೂಬನ್ನೂ ಕೊಂದಮೇಲೆ ನನಗೆ ಈ ಜ್ಞಾನ ಲಭಿಸಿತು.

ಕಾಲವನ್ನು ಆರಿಸಿಕೊಳ್ಳುವ ವಿಷಯದಲ್ಲಿ ವಾದವಿವಾದಕ್ಕೆ ಎಡೆಯಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗೆ. ಆ ತಿಂಗಳುಗಳಲ್ಲಿ ರಸ್ತೆಯ ಅಂಚು ಪಾಚಿಗಟ್ಟಿರುತ್ತದೆ, ಹೊಂಡಗಳ ಆಳ ನೀರಿನಡಿ ಮರೆಯಾಗಿರುತ್ತದೆ, ಒಂದು ಗಳಿಗೆ ಹುಲ್ಲಿನಲ್ಲಿ ನಿಂತರೆ ಇಂಬಳಗಳು ಕಾಲ್ಚೀಲದೊಳಕ್ಕೆ ಇಳಿದಿರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತವಾದುದು: ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಬಿಸಿಲು ಕಾಡಿನ ನೆರಳಿನಲ್ಲಿ ಸೋಸಿ ಬರುತ್ತದೆ, ಅಡಕೆ ಕೊಯ್ಲಿನ ದಿನಗಳಾದ್ದರಿಂದ ಮನೆಮನೆಯ ಅಂಗಳದಿಂದ ಬೇಯಿಸಿದ ಅಡಕೆಯ ಒಗರು ವಾಸನೆ ದಾರಿಯವರೆಗೂ ಬಂದು ಹರಡಿರುತ್ತದೆ. ಬೆಳಗಿನ ಮಂಜು ಮಾತ್ರ ಕೆಲವು ದಿನ ಒಂಬತ್ತು ಗಂಟೆಯಾದರೂ ಕರಗುವುದಿಲ್ಲ; ಹಿಂದಕ್ಕೊಂದು ಕೆಂಪು ದೀಪ, ಮುಂದಕ್ಕೊಂದು ಬಿಳಿಯ ದೀಪ ಹಗಲಿನಲ್ಲಿಯೂ ಉರಿಯುತ್ತಿರಲಿ.

ಈ 120 ಕಿಲೋಮೀಟರನ್ನು ಒಂದೇ ದಿನದಲ್ಲಿ ಮುಗಿಸುವ ಸಮರ್ಥರಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಈ ಲೇಖನ ಅವರಿಗಲ್ಲ. ಮೂರು ದಿನಗಳ ಕಾರ್ಯಕ್ರಮವೇ ಮೇಲು.

ಮೊದಲನೆಯ ದಿನ ತೀರ್ಥಹಳ್ಳಿಯಿಂದ ಆಗುಂಬೆಗೆ, ಸುಮಾರು 33 ಕಿಲೋಮೀಟರ್. ಇದು ಉಡುಪಿಗೆ ಹೋಗುವ ಹೆದ್ದಾರಿಯಾದುದರಿಂದ ಮೂರು ದಿನಗಳ ಪೈಕಿ ಬಸ್ಸು ಲಾರಿಗಳು ಹೆಚ್ಚು ಕಾಣುವುದು ಇಲ್ಲಿಯೇ. ಬೆಳಗ್ಗೆ ಆರೂವರೆಗೆ ಹೊರಟರೆ ಮೊದಲ ಎರಡು ಗಂಟೆ ದಾರಿ ಬಹುತೇಕ ನಿಮ್ಮದೇ. ಎಡಕ್ಕೆ ಹೋಗಬೇಕೆಂಬುದು ಸರಿ, ಆದರೆ ರಸ್ತೆಯ ತೀರ ಅಂಚಿಗೆ ಅಲ್ಲ. ಡಾಂಬರು ಮುಗಿದು ಜಂಬಿಟ್ಟಿಗೆಯ ಕೆಂಪು ಪುಡಿ ತೊಡಗುವಲ್ಲಿ ಎರಡು ಮೂರು ಅಂಗುಲದ ಕೊರಕಲಿರುತ್ತದೆ, ಅಲ್ಲಿಗೆ ಜಾರಿದ ಚಕ್ರವನ್ನು ಮತ್ತೆ ಮೇಲಕ್ಕೆ ತರುವ ಯತ್ನದಲ್ಲಿಯೇ ಹಲವರು ಬೀಳುತ್ತಾರೆ. ಅಂಚಿನಿಂದ ಒಂದು ಗಜದಷ್ಟು ಒಳಗೆ, ನೇರವಾಗಿ, ತೊಯ್ದಾಡದೆ ಹೋಗುವ ಸವಾರನನ್ನು ಹಿಂದಿನಿಂದ ಬರುವ ಡ್ರೈವರು ಅರ್ಥಮಾಡಿಕೊಳ್ಳುತ್ತಾನೆ. ತಿರುವಿನಲ್ಲಿ ಹಾರನ್ ಕೇಳಿದರೆ ಅದನ್ನು ಬೈಗುಳವೆಂದು ತಿಳಿಯಬಾರದು. ತಾನಿದ್ದೇನೆಂದು ತಿಳಿಸುವ ಘಟ್ಟದ ಮರ್ಯಾದೆ ಅದು. ಗುಡ್ಡೇಕೇರಿಯ ಬಳಿ ಕುಂದಾದ್ರಿಗೆ ದಾರಿ ಒಡೆಯುತ್ತದೆ. ಏಕಶಿಲೆಯಂತೆ ಎದ್ದು ನಿಂತ, 826 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಪಾರ್ಶ್ವನಾಥನ ಬಸದಿಯೂ ಬಂಡೆಯ ಮೇಲೆ ನಿಂತ ನೀರಿನ ಕೊಳವೂ ಇವೆ, ನೆತ್ತಿಯವರೆಗೆ ರಸ್ತೆಯೂ ಇದೆ; ಕೊನೆಯ ಭಾಗ ಎಷ್ಟು ಕಡಿದೆಂದರೆ ಗೇರಿನವರೂ ಅಲ್ಲಿ ವಿನಯವನ್ನು ಕಲಿಯುತ್ತಾರೆ. ತ್ರಾಣ ಉಳಿದವರು ಹೋಗಿಬರಲಿ.

ಆಗುಂಬೆಯಲ್ಲಿ ಸಂಜೆಗೆ ಮುಂಚೆ ತಲುಪಿ, ಸೈಕಲನ್ನು ತಂಗುವ ಕಡೆ ಬಿಟ್ಟು, ನಡೆದುಕೊಂಡೇ ಸೂರ್ಯಾಸ್ತದ ಕಟ್ಟೆಗೆ ಹೋಗುವುದು ಉತ್ತಮ. ಅಲ್ಲಿಂದ ಸೋಮೇಶ್ವರದ ಕಡೆಗೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ನಮ್ಮ ಸುತ್ತಿನಲ್ಲಿ ಈ ಘಾಟಿ ಸೇರಿಲ್ಲ; ಆದರೂ ಅದನ್ನು ಇಳಿದು ಹತ್ತಿಯೇ ತೀರುವೆನೆಂಬವರುಂಟು, ಇಳಿಯುವ ವಿದ್ಯೆ ಎಲ್ಲ ದಿಣ್ಣೆಗೂ ಬೇಕಾದುದೇ ಆದ್ದರಿಂದ ಅದನ್ನು ಇಲ್ಲಿಯೇ ಹೇಳುತ್ತೇನೆ. ಬ್ರೇಕು ಹಿಡಿಯಬೇಕಾದುದು ತಿರುವಿಗೆ ಮೊದಲು, ತಿರುವಿನೊಳಗಲ್ಲ. ವಾಲಿರುವ ಸೈಕಲಿನ ಟಯರಿಗೆ ರಸ್ತೆಯನ್ನು ಕಚ್ಚಿ ಹಿಡಿಯುವುದೇ ಸಾಕಷ್ಟು ಕೆಲಸ. ಅದರ ಮೇಲೆ ನಿಲ್ಲಿಸುವ ಕೆಲಸವನ್ನೂ ಹೊರಿಸಿದರೆ ಅದು ಎರಡನ್ನೂ ಬಿಟ್ಟುಕೊಡುತ್ತದೆ. ಹೊರಬದಿಯ ಪೆಡಲು ಕೆಳಗಿರಲಿ, ಮೈಯ ಭಾರ ಅದರ ಮೇಲಿರಲಿ, ದೃಷ್ಟಿ ಮುಂಚಕ್ರದ ಮೇಲಿರದೆ ತಿರುವಿನಾಚೆಯ ದಾರಿಯ ಮೇಲಿರಲಿ. ಮುಂದಿನ ಬ್ರೇಕೆಂದರೆ ನಮ್ಮಲ್ಲಿ ವಿಚಿತ್ರವಾದ ಭಯವಿದೆ. ವಾಸ್ತವದಲ್ಲಿ ಸೈಕಲನ್ನು ನಿಲ್ಲಿಸುವ ಬಲದ ಹೆಚ್ಚಿನ ಪಾಲು ಅದರದೇ, ಏಕೆಂದರೆ ವೇಗ ಕುಗ್ಗುತ್ತಿದ್ದಂತೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಮೆಲ್ಲಮೆಲ್ಲನೆ ಒತ್ತಿ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಬೇಕು. ಉದ್ದಕ್ಕೂ ಬಿಗಿಹಿಡಿದರೆ ರಿಮ್ಮು ಕಾದು ಟ್ಯೂಬು ಒಡೆಯುವ ಸಂಭವವಿದೆ. ರಿಮ್ಮನ್ನು ಒತ್ತುವ ರಬ್ಬರಿನ ಬ್ರೇಕಾದರೆ, ಒದ್ದೆಯಲ್ಲಿ ಚಕ್ರದ ಮೊದಲ ಕೆಲವು ಸುತ್ತುಗಳು ನೀರನ್ನು ಒರಸುವುದಕ್ಕೇ ಖರ್ಚಾಗುತ್ತವೆಂಬುದನ್ನು ಮರೆಯದೆ ಬಹಳ ಮುಂಚಿತವಾಗಿ ಹಿಡಿಯತಕ್ಕದ್ದು. ಬಿದ್ದ ಎಲೆಗಳು, ಅಡಕೆಯ ಹಾಳೆ, ರಸ್ತೆಗೆ ಬಳಿದ ಬಿಳಿಯ ಗೆರೆ, ಈ ಮೂರೂ ಒದ್ದೆಯಾದಾಗ ಎಣ್ಣೆಗೆ ಸಮಾನ.

ಎರಡನೆಯ ದಿನದ ದಾರಿ ಆಗುಂಬೆಯಿಂದ ಶೃಂಗೇರಿಗೆ. 27 ಕಿಲೋಮೀಟರಿನ ಆಸುಪಾಸು. ಇಡೀ ಪ್ರವಾಸದ ಸಾರಸರ್ವಸ್ವ ಇಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಇಕ್ಕೆಲದ ಮರಗಳು ರಸ್ತೆಯ ಮೇಲೆ ಕೈಗೂಡಿಸಿ ನಿಂತಿವೆ; ಮೋಟಾರಿನಲ್ಲಿ ಕುಳಿತವನಿಗೆ ಇದು ಒಂದು ಹಸಿರು ಗೋಡೆ ಮಾತ್ರ, ಸೈಕಲಿನವನಿಗಾದರೋ ಪ್ರತಿ ತಿರುವಿನಲ್ಲಿಯೂ ಗಾಳಿಯ ತಂಪು ಬೇರೆ, ವಾಸನೆ ಬೇರೆ, ಹಳ್ಳದ ಸದ್ದು ಬೇರೆ. ಫ್ರೀವೀಲಿನ ಟಿಕಟಿಕ ಶಬ್ದವೊಂದನ್ನುಳಿದು ನಾವು ಕಾಡಿಗೆ ತರುವ ಗಲಾಟೆ ಯಾವುದೂ ಇಲ್ಲವಾದುದರಿಂದ, ಸಿಂಗಳೀಕಗಳ ಗುಂಪು ಕೊಂಬೆಯಿಂದ ಕೊಂಬೆಗೆ ಹಾಯುವುದನ್ನು ಕಾಣುವ ಭಾಗ್ಯ ಒಮ್ಮೊಮ್ಮೆ ಒದಗುತ್ತದೆ. ಈ ನಿಶ್ಶಬ್ದತೆಯೇ ಅಪಾಯಕ್ಕೂ ಕಾರಣ: ಕಾಟಿಯಂಥ ಮೃಗಕ್ಕೆ ನಾವು ಬರುತ್ತಿರುವುದು ತಿಳಿಯುವುದಿಲ್ಲ. ರಸ್ತೆಯ ಮೇಲೆ ಕಾಟಿ ನಿಂತಿದ್ದರೆ ದೂರದಲ್ಲಿಯೇ ಇಳಿದು, ಬೆಲ್ಲು ಹೊಡೆಯದೆ, ಕೂಗದೆ, ಅದು ತಾನಾಗಿ ಸರಿಯುವವರೆಗೆ ಕಾಯಬೇಕು. ಕಾರೋ ಬಸ್ಸೋ ಬಂದರೆ ಅದರ ಮರೆಯಲ್ಲಿ ದಾಟಬಹುದು. ಕಾಳಿಂಗಸರ್ಪಗಳ ಅಧ್ಯಯನಕ್ಕೆ ಹೆಸರಾದ, 2005ರಲ್ಲಿ ರೋಮ್ಯುಲಸ್ ವಿಟೇಕರ್ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಆಗುಂಬೆಯಲ್ಲಿಯೇ ಇರುವುದನ್ನು ನೆನೆದರೆ, ಪೊದೆಯೊಳಕ್ಕೆ ಬರಿಗಾಲಿನಲ್ಲಿ ನುಗ್ಗಬಾರದೆಂದು ಬೇರೆಯಾಗಿ ಹೇಳಬೇಕಾಗಿಲ್ಲವಷ್ಟೆ. ಮೊಬೈಲಿನ ಸಂಪರ್ಕ ನಡುನಡುವೆ ಪೂರ್ತಿ ಕಡಿದುಹೋಗುವುದರಿಂದ, ಹೊರಡುವ ಊರಿನಲ್ಲಿ ಯಾರಿಗಾದರೂ ತಲುಪುವ ಊರನ್ನೂ ವೇಳೆಯನ್ನೂ ತಿಳಿಸಿರಬೇಕು, ಕತ್ತಲಾದಮೇಲೆ ಕಾಡಿನ ದಾರಿಯಲ್ಲಿರಬಾರದು.

ಶೃಂಗೇರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಸುಖವಾಗಿ ಸೇರಬಹುದು. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ನೋಡಿ, ತುಂಗೆಯ ಸೋಪಾನದಲ್ಲಿ ಮೀನುಗಳ ನಡುವೆ ಕಾಲಿಳಿಬಿಟ್ಟು ಕುಳಿತರೆ ಸ್ನಾಯುಗಳಿಗೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆಯಿಲ್ಲ. ಮಧ್ಯಾಹ್ನ ಮಠದ ಪ್ರಸಾದ ಭೋಜನವನ್ನು ಉಂಡವನು ಅಂದು ಮತ್ತೆ ಸೈಕಲ್ ಹತ್ತುವ ಸಾಹಸ ಮಾಡದಿರಲಿ. ಇಲ್ಲಿಯೇ ತಂಗುವಂತೆ ನಾನು ಕಾರ್ಯಕ್ರಮವನ್ನು ಹೆಣೆದುದರ ಗುಟ್ಟು ಇದೇ.

ಮೂರನೆಯ ದಿನ ಉದ್ದವಾದುದು: ಹರಿಹರಪುರದ ಮೇಲೆ ಹಾದು ಕೊಪ್ಪ, ಕೊಪ್ಪದಿಂದ ಕುಪ್ಪಳಿ, ಅಲ್ಲಿಂದ ತೀರ್ಥಹಳ್ಳಿ, ಒಟ್ಟು ಸುಮಾರು 60 ಕಿಲೋಮೀಟರ್. ಶೃಂಗೇರಿಗಿಂತ ಕೊಪ್ಪ ತೊಂಬತ್ತು ಮೀಟರ್ ಮೇಲಿರುವುದರಿಂದ ಅಂದಿನ ಏರು ಪೂರ್ವಾರ್ಧದಲ್ಲಿಯೇ ಹೆಚ್ಚು. ಆಹಾರದ ಮಾತನ್ನು ಈ ದಿನಕ್ಕೆಂದೇ ಉಳಿಸಿಕೊಂಡಿದ್ದೆ. ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕೆಂದು ಆ ವೆಲೋಸಿಯೋ ತನ್ನ ಶಿಷ್ಯರಿಗೆ ಬೋಧಿಸುತ್ತಿದ್ದನು. ಇದು ನನಗೆ ತಿಳಿಯದ ಮಾತೇನಾಗಿರಲಿಲ್ಲ. ಆದರೂ ಹಲವು ವರ್ಷಗಳ ಹಿಂದೆ ಒಂದು ಮುಂಜಾನೆ ಬರಿಯ ಕಾಫಿ ಕುಡಿದು ಶೃಂಗೇರಿ ಬಿಟ್ಟ ನಾನು, ಹರಿಹರಪುರ ದಾಟಿದ ಮೇಲಿನ ಒಂದು ದಿಣ್ಣೆಯಲ್ಲಿ ಕೈ ನಡುಗಿ, ಕಣ್ಣು ಮಂಜಾಗಿ, ಗೇರಿದ್ದರೂ ಬದಲಿಸಲು ತೋಚದೆ ಒಂದು ಮನೆಯ ದಣಪೆಯ ಬಳಿ ಕುಸಿದು ಕುಳಿತೆ. ಅಂಗಳದಲ್ಲಿ ಅಡಕೆ ಹರವುತ್ತಿದ್ದ ಹಿರಿಯ ಹೆಂಗಸೊಬ್ಬರು ಬಂದು ನೋಡಿ, “ಯಾವೂರಾಯ್ತು ತಮ್ದು? ಬೆಳಗ್ಗೆ ಏನಾರೂ ತಿಂದಿದ್ರಾ ಇಲ್ವಾ?” ಎಂದರು. ಇಲ್ಲವೆಂದೆ. “ಹಂಗೆ ಯಾರಾದ್ರೂ ದಿಣ್ಣೆ ಹತ್ತುತಾರಾ ಮಾರಾಯ್ರೆ!” ಎಂದು ಬೈಯುತ್ತಲೇ ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ, ಆಮೇಲೆ ಎರಡು ಬಿಸಿ ಕಡುಬು ತಂದಿಟ್ಟರು. ಹದಿನೈದು ನಿಮಿಷದಲ್ಲಿ ಜಗತ್ತು ಮೊದಲಿನಂತಾಯಿತು. ದೇಹದ ಸಕ್ಕರೆಯ ಸಂಗ್ರಹ ತೀರಿದಾಗ ಆಗುವುದು ಹೀಗೆಯೇ. ಛಲ ಅಲ್ಲಿ ಉಪಯೋಗಕ್ಕೆ ಬಾರದು. ಆದುದರಿಂದ ಪ್ರತಿ ಮುಕ್ಕಾಲು ಗಂಟೆಗೆ ಒಂದು ಬಾಳೆಹಣ್ಣೋ, ಒಂದು ಹಿಡಿ ಶೇಂಗಾ ಬೆಲ್ಲವೋ ಹೊಟ್ಟೆಗೆ ಬೀಳಲಿ. ನೀರು ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್. ಬೆವರು ಹೆಚ್ಚಾಗಿದ್ದರೆ ಅದರಲ್ಲಿ ಚಿಟಿಕೆ ಉಪ್ಪು. ಹೋಟೆಲಿನಲ್ಲಿ ಎಣ್ಣೆಯ ತಿಂಡಿಗಿಂತ ಇಡ್ಲಿ, ನೀರುದೋಸೆ, ಅವಲಕ್ಕಿ ಲೇಸು. ಬನ್ಸು ರುಚಿಯಾದುದೆಂಬುದನ್ನು ಒಪ್ಪುತ್ತೇನೆ, ಅದನ್ನು ತೀರ್ಥಹಳ್ಳಿ ಸೇರಿದಮೇಲೆ ತಿನ್ನಿರಿ.

ಕುಪ್ಪಳಿಯಲ್ಲಿ ಇಳಿಯದೆ ಮುಂದೆ ಹೋಗುವುದು ಯಾವ ಕನ್ನಡಿಗನಿಗೂ ಸಾಧ್ಯವಿಲ್ಲ. ಸೈಕಲಿನವನಿಗಂತೂ ಮತ್ತೊಂದು ಋಣವಿದೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ, ಪಾದ್ರಿಯೊಡನೆ ಮಲೆನಾಡಿಗೆ ಮೊತ್ತಮೊದಲು ಬಂದ ಬೈಸಿಕಲ್ಲನ್ನು ಹಳ್ಳಿಯವರು ‘ಬೀಸೆಕಲ್ಲು’ ಎಂದು ಕೇಳಿಸಿಕೊಂಡು, ಬೀಸುವ ಕಲ್ಲಿನ ಮೇಲೆ ಕುಳಿತು ಮನುಷ್ಯ ಹೇಗೆ ಸವಾರಿಮಾಡಿಯಾನೆಂದು ಬೆರಗಾಗುವ ಪ್ರಸಂಗವನ್ನು ಓದಿದವರು ಮರೆಯಲಾರರು. ನಾನಂತೂ ಕೊಪ್ಪದ ಏರಿನಲ್ಲಿ ಆ ಹಳ್ಳಿಗರೇ ಸರಿಯಾಗಿ ಕೇಳಿಸಿಕೊಂಡರೆಂದು ಹಲವು ಸಲ ಅಂದುಕೊಂಡಿದ್ದೇನೆ. ಸೈಕಲಿಗೆ ಬೀಗ ಹಾಕಿ ಕವಿಮನೆಯ ಬಳಿ ನಿಲ್ಲಿಸಿ, ಕವಿಶೈಲಕ್ಕೆ ನಡೆದೇ ಹತ್ತಿರಿ. ಸೈಕಲಿನ ಬೂಟುಗಳ ಅಡಿಯಲ್ಲಿ ಲೋಹದ ಬಿಲ್ಲೆಯಿದ್ದರೆ ಅವು ಬಂಡೆಯ ಮೇಲೆ ಜಾರುತ್ತವೆ; ಚೀಲದಲ್ಲೊಂದು ಹಗುರವಾದ ಚಪ್ಪಲಿ ಇರಲಿ.

ಅಲ್ಲಿಂದ ತೀರ್ಥಹಳ್ಳಿಗೆ ಇಪ್ಪತ್ತು ಕಿಲೋಮೀಟರಿಗೂ ಒಳಗೆ, ಒಟ್ಟಿನಲ್ಲಿ ಇಳುಕಲೇ ಹೆಚ್ಚು. ಸಂಜೆಗೆ ದನಗಳು ಮನೆಗೆ ಮರಳುವ ಹೊತ್ತು. ಹಿಂಡಿನ ನಡುವೆ ನುಗ್ಗದೆ ಹಿಂದೆಯೇ ನಿಧಾನವಾಗಿ ಹೋಗಬೇಕು, ಏಕೆಂದರೆ ಕರು ಯಾವ ಕಡೆಗೆ ಹಾರುತ್ತದೆಂದು ಅದರ ತಾಯಿಗೂ ತಿಳಿಯದು. ಅಟ್ಟಿಸಿಕೊಂಡು ಬರುವ ನಾಯಿಗೆ ಓಡುವ ಕಾಲಿನ ಮೇಲೆ ಕೋಪ. ಇಳಿದು ನಿಂತು, ಸೈಕಲನ್ನು ನಡುವೆ ಇಟ್ಟುಕೊಂಡು ಗದರಿದರೆ ಸಾಮಾನ್ಯವಾಗಿ ಅದಕ್ಕೆ ಆಸಕ್ತಿ ಹೋಗುತ್ತದೆ.

ತೀರ್ಥಹಳ್ಳಿಗೆ ರೈಲಿಲ್ಲ, ಸಮೀಪದ ನಿಲ್ದಾಣ ಅರವತ್ತು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗ. ರೈಲಿನಲ್ಲಿ ಸೈಕಲನ್ನು ಲಗೇಜಾಗಿ ಬುಕ್ ಮಾಡಿ ಬ್ರೇಕ್‌ವ್ಯಾನಿನಲ್ಲಿ ಕಳುಹಿಸಬಹುದು, ಅದಕ್ಕಾಗಿ ರೈಲು ಹೊರಡುವುದಕ್ಕೆ ಸಾಕಷ್ಟು ಮೊದಲೇ ಹೋಗಿರಬೇಕು. ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಒಯ್ಯುವುದಾದರೆ ಹತ್ತುವ ಮೊದಲು ಕಂಡಕ್ಟರರನ್ನು ವಿಚಾರಿಸಿ, ಲಗೇಜಿನ ಚೀಟಿ ಪಡೆಯಿರಿ. ಮುಂದಿನ ಚಕ್ರವನ್ನು ಬಿಚ್ಚಿ ಫ್ರೇಮಿನ ಪಕ್ಕಕ್ಕೆ ಕಟ್ಟಿ, ಪೆಡಲುಗಳನ್ನು ಕಳಚಿ (ಎಡಗಡೆಯ ಪೆಡಲಿನ ಮರೆ ಉಲ್ಟಾ ತಿರುಗುತ್ತದೆಂಬುದು ನೆನಪಿರಲಿ), ಚೈನಿಗೆ ಹಳೆಯ ಬಟ್ಟೆ ಸುತ್ತಿ, ಗೇರಿರುವ ಬಲಮಗ್ಗುಲು ಮೇಲಕ್ಕೆ ಬರುವಂತೆ ಮಲಗಿಸಿದರೆ, ಅದರ ಮೇಲೆ ಇನ್ನಾರೂ ಅಡಕೆಯ ಮೂಟೆ ಹೇರದಂತೆ ನೋಡಿಕೊಳ್ಳುವುದೊಂದೇ ಉಳಿದ ಕೆಲಸ.